ಕಸ ಅಂತ ಬರೆದಿಟ್ಟ ಜಾಗದಾಗ ಸಿಕ್ಕ ಸರಕು

(1/3)
ದೋಸ್ತರೇ, ಈ ವಾರದ ಇತಿಹಾಸದಲ್ಲಿ ರಾಜರಿಲ್ಲ, ಕೋಟೆ ಇಲ್ಲ. ನಮ್ಮ ಜೀವಕೋಶದ ಒಳಗಿನ ಕಥೆ. ಬಿಕಾಂನವರಿಗೆ ಇದ್ಯಾಕಪಾ ಅನ್ನಬೇಡ್ರಿ, ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ಇದು ಜಲ್ದಿ ತಿಳಿಯುತ್ತದೆ.

1977ರವರೆಗೆ ಜೀನ್ ಅಂದ್ರೆ ಪ್ರೋಟೀನ್ ತಯಾರಿಸಲು ಬರೆದಿಟ್ಟ ಒಂದೇ ಉದ್ದನೆಯ ಸಾಲು ಅಂತ ನಂಬಿಕೆ ಇತ್ತು. ಆ ವರ್ಷ ಅಮೆರಿಕದಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಬೇರೆಬೇರೆ ಲ್ಯಾಬ್‌ಗಳಲ್ಲಿ ಅಡಿನೋವೈರಸ್ ನೋಡುವಾಗ ಆ ಸಾಲು ತುಂಡುತುಂಡಾಗಿ ಕಂಡಿತು. ನಡುನಡುವೆ ಪ್ರೋಟೀನಿಗೆ ಬೇಡವಾದ ಭಾಗ. ಜೀನಿನ ಆರ್‌ಎನ್‌ಎ ನಕಲು ಆದಮೇಲೆ ಕೋಶ ಆ ಭಾಗ ಕತ್ತರಿಸಿ, ಉಳಿದದ್ದನ್ನು ಜೋಡಿಸುತ್ತದೆ. ಕತ್ತರಿಸಿ ಹೋಗುವುದಕ್ಕೆ ಇಂಟ್ರಾನ್, ಉಳಿಯುವುದಕ್ಕೆ ಎಕ್ಸಾನ್ ಅಂತ ಮರುವರ್ಷ ವಾಲ್ಟರ್ ಗಿಲ್ಬರ್ಟ್ ಹೆಸರಿಟ್ಟರು. 1993ರಲ್ಲಿ ಶಾರ್ಪ್, ರಾಬರ್ಟ್ಸ್ ಇಬ್ಬರಿಗೂ ನೊಬೆಲ್ ಬಂತು. ಇಂಟ್ರಾನ್‌ಗೆ ಮಾತ್ರ ‘ಜಂಕ್’ ಅನ್ನೋ ಹಣೆಪಟ್ಟಿ ಅಂಟಿತು.

(2/3)
ರಾಯಬಾಗದಿಂದ ಕಾಗವಾಡದವರೆಗೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡು ಕಾಲೇಜಿಗೆ ಲೇಟಾದವರು ನಾವು. ರಸ ಹಿಂಡಿದ ಮೇಲೆ ಉಳಿಯೋ ಬಗ್ಯಾಸ್ ಏನಾಗುತ್ತದೆ ಗೊತ್ತಲ್ಲ? ಬಾಯ್ಲರಿಗೆ ಹೋಗಿ ಕರೆಂಟ್ ಆಗುತ್ತದೆ. ಇಂಟ್ರಾನ್‌ನಲ್ಲೂ ಅಂಥದ್ದೇ ಸಿಕ್ಕಿತು.

1990ರಲ್ಲಿ ಲಿಯು ಮತ್ತು ಮ್ಯಾಕ್ಸ್‌ವೆಲ್ ಇಲಿಯ ಒಂದು ಪ್ರೋಟೀನ್ ಜೀನಿನ ಇಂಟ್ರಾನ್ ಒಳಗೆ ಯು14 ಅನ್ನೋ ಸಣ್ಣ ಆರ್‌ಎನ್‌ಎ ಅಡಗಿದ್ದನ್ನು ತೋರಿಸಿದರು. ಇಂಥವುಗಳ ಹೆಸರು ಸ್ನೋ-ಆರ್‌ಎನ್‌ಎ. (ಹಿಮಕ್ಕೂ ಇದಕ್ಕೂ ಸಂಬಂಧ ಇಲ್ಲ, ನ್ಯೂಕ್ಲಿಯೋಲಸ್ ಅನ್ನೋ ಜಾಗದಲ್ಲಿರುತ್ತವೆ ಅಂತ ಆ ಹೆಸರು.) ಪ್ರೋಟೀನ್ ತಯಾರಿಸುವ ಯಂತ್ರ ರೈಬೋಸೋಮ್. ಅದರ ಆರ್‌ಎನ್‌ಎ ಮೇಲೆ ಯಾವ ಅಕ್ಷರಕ್ಕೆ ರಾಸಾಯನಿಕ ಗುರುತು ಹಾಕಬೇಕು ಅಂತ ಬಹುತೇಕ ಸ್ನೋ-ಆರ್‌ಎನ್‌ಎಗಳು ಬೆರಳು ತೋರಿಸುತ್ತವೆ.

ಮಜಾ ನೋಡ್ರಿ: ಕಪ್ಪೆಯಲ್ಲಿ ಇದೇ ಯು14 ಎರಡು ಬೇರೆಬೇರೆ ಜೀನುಗಳ ಇಂಟ್ರಾನ್‌ನಲ್ಲಿ ಕೂತಿದೆ. ಯೀಸ್ಟ್‌ನಲ್ಲಿ ಇಂಟ್ರಾನ್ ಹಂಗೇ ಇಲ್ಲದೆ ಹುಟ್ಟುತ್ತದೆ. ಸರಕು ಒಂದೇ, ಮನೆ ಬದಲಾಗ್ತಾ ಹೋಗಿದೆ.

ನನಗೆ ಎಲ್ಲಕ್ಕಿಂತ ಸೇರಿದ್ದು 1996ರ ಸುದ್ದಿ. ಯೇಲ್‌ನಲ್ಲಿ ಜೋನ್ ಸ್ಟೈಟ್ಜ್ ಅವರ ತಂಡ ಯುಎಚ್‌ಜಿ ಅನ್ನೋ ಜೀನ್ ತೋರಿಸಿತು. ಅದರ ಎಕ್ಸಾನ್‌ಗಳಿಂದ ಪ್ರೋಟೀನೇ ಆಗುವುದಿಲ್ಲ, ಅವು ಬೇಗ ಕರಗಿಹೋಗುತ್ತವೆ. ಇಂಟ್ರಾನ್‌ಗಳಿಂದ ಮಾತ್ರ ಎಂಟು ಸ್ನೋ-ಆರ್‌ಎನ್‌ಎ ಬರುತ್ತವೆ. ಮೇನ್ ಪ್ರಾಡಕ್ಟ್ ಕಸ, ಬೈ-ಪ್ರಾಡಕ್ಟ್‌ನಿಂದಲೇ ವ್ಯಾಪಾರ. ನಮ್ಮ ಕಾಸ್ಟಿಂಗ್ ಪೇಪರಿನಲ್ಲಿ ಇಂಥ ಲೆಕ್ಕ ಕೊಟ್ಟರೆ ತಪ್ಪು ಪ್ರಶ್ನೆ ಅಂತ ಗಲಾಟೆ ಆಗ್ತದೆ.

ಹಂಗಂತ ಎಲ್ಲ ಇಂಟ್ರಾನ್‌ನಲ್ಲೂ ನಿಧಿ ಇಲ್ಲ, ಬಹುಪಾಲು ಕತ್ತರಿಸಿದ ಕೂಡಲೇ ಕರಗಿಹೋಗುತ್ತವೆ.

(3/3)
ಇದರಿಂದ ಯಾರಿಗೇನು? ಪ್ರೇಡರ್-ವಿಲ್ಲಿ ಅನ್ನೋ ಕಾಯಿಲೆ ಇದೆ. ಮಗು ಹುಟ್ಟಿದಾಗ ಹಾಲು ಎಳೆಯಲೂ ಶಕ್ತಿ ಇರಲ್ಲ, ದೊಡ್ಡದಾದಂತೆ ಎಷ್ಟು ತಿಂದರೂ ಹಸಿವು ತೀರಲ್ಲ. 15ನೇ ಕ್ರೋಮೋಸೋಮಿನಲ್ಲಿ, ಇಂಟ್ರಾನ್‌ಗಳ ಒಳಗಿರುವ ಸ್ನಾರ್ಡ್116 ಅನ್ನೋ ಸ್ನೋ-ಆರ್‌ಎನ್‌ಎ ಗುಂಪು ಕಳೆದುಹೋದರೆ ಇದರ ಮುಖ್ಯ ಲಕ್ಷಣಗಳು ಬರುತ್ತವೆ ಅಂತ 2008ರಲ್ಲಿ ಗೊತ್ತಾಯಿತು. ಅಂಥ ಮಗುವಿಗೆ ‘ಹೊಟ್ಟೆಬಾಕ’ ಅಂತ ಹೆಸರಿಟ್ಟು ನಗೋರು, ಅವ್ವ-ಅಪ್ಪನಿಗೆ ಶಿಸ್ತಿನ ಪಾಠ ಹೇಳೋರು ಇದನ್ನು ಎರಡು ಸಲ ಓದಬೇಕು.

ಈಗ ನಮ್ಮ ಕರ್ನಾಟಕಕ್ಕೆ ಬರ್ರಿ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಅಲ್ಲಿನ ಎಂ.ಆರ್.ಎಸ್. ರಾವ್ ಅವರ ತಂಡ 2004ರಲ್ಲಿ ಇಲಿಯಲ್ಲಿ ಪ್ರೋಟೀನ್ ಮಾಡದ ಒಂದು ಹೊಸ ಆರ್‌ಎನ್‌ಎ ಪ್ರಕಟಿಸಿತು. ಹೆಸರು ಎಂಆರ್‌ಎಚ್‌ಎಲ್. ಇದು ಸ್ನೋ-ಆರ್‌ಎನ್‌ಎ ಅಲ್ಲ, ಅದಕ್ಕಿಂತ ಬಹಳ ಉದ್ದ, ಸುಮಾರು 2,400 ಅಕ್ಷರ. ಆದರೆ ವಿಳಾಸ ಅದೇ ಥರ: ಗ್ಲೈಕೋಜನ್ ಒಡೆಯುವ ಕೆಲಸಕ್ಕೆ ಬೇಕಾದ ಪಿಎಚ್‌ಕೆಬಿ ಜೀನಿನ ಇಂಟ್ರಾನ್ ಒಳಗೆ. ವೀರ್ಯಾಣು ತಯಾರಾಗುವ ಮೊದಲ ಹಂತದ ಕೋಶಗಳಲ್ಲಿ ಅದು ವಿಂಟ್ ಅನ್ನೋ ಸಂಕೇತವನ್ನು ತಡೆದಿಡುತ್ತದೆ ಅಂತಲೂ ಅದೇ ಲ್ಯಾಬ್ ಮುಂದೆ ತೋರಿಸಿತು.

ರಾವ್ ಅವರಿಗೆ 2010ರಲ್ಲಿ ಪದ್ಮಶ್ರೀ ಬಂತು, 2023ರಲ್ಲಿ ತೀರಿಕೊಂಡರು. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ನಿಮ್ಮ ತಮ್ಮ-ತಂಗಿ ಯಾರಾದರೂ ಪಿಯು ಸೈನ್ಸ್ ಓದ್ತಿದ್ರೆ ಈ ಹೆಸರು ಹೇಳ್ರಿ. ಜಕ್ಕೂರು ಇಲ್ಲಿಂದ ಒಂದು ರಾತ್ರಿ ಬಸ್ಸಿನ ದೂರ.