ಹೊಳೆ ಹತ್ತಿರ, ನಳ ದೂರ

'ಜಲವೇ ಜೀವನ' ಎಂದು ನಾವು ಶಾಲೆಯ ಗೋಡೆಯ ಮೇಲೆ ಬರೆಸುತ್ತೇವೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅದೇ ಗೋಡೆಯ ಪಕ್ಕದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ತಲೆ ತಗ್ಗಿಸಿ ನಿಂತಿದ್ದಳು. ಪ್ರಾರ್ಥನೆ ಮುಗಿದು ಹೋಗಿತ್ತು. ಯಾಕೆ ತಡವೆಂದು ಕೇಳಿದೆ. "ನಾಕ ದಿನದ ಮ್ಯಾಲೆ ಇವತ್ತ ನಳಾ ಬಂದಿತ್ತರಿ ಸರ್, ಕೊಡಾ ತುಂಬಾಕ ನಿಂತಿದ್ನಿರಿ" ಎಂದಳು. ನನಗೆ ಬೈಯಲು ಮನಸ್ಸಾಗಲಿಲ್ಲ. ಅಂದು ನಾನೂ ಮನೆಯಲ್ಲಿ ಅದೇ ಕೆಲಸ ಮುಗಿಸಿ ಬಂದಿದ್ದೆ.

ನಮ್ಮದು ಹೊಳೆಯಿಲ್ಲದ ನಾಡೇನಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಹುಕ್ಕೇರಿ ತಾಲೂಕಿಗೆ ಬಂದು, ಗೋಕಾಕದ ಬಳಿ 52 ಮೀಟರ್ ಎತ್ತರದಿಂದ ಧುಮುಕಿ ಮುಂದೆ ಕೃಷ್ಣೆಯನ್ನು ಸೇರುತ್ತಾಳೆ. ದಾರಿಯಲ್ಲಿ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳು ಕೂಡುತ್ತವೆ. ಹೀಗಿದ್ದರೂ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಎಷ್ಟೋ ಮನೆಗಳಲ್ಲಿ ಬೇಸಿಗೆ ಬಂದರೆ ಕೊಡದ ಚಿಂತೆ. ಇದೇಕೆ ಎಂದು ತಿಳಿಯಲು ಇತಿಹಾಸದ ಪುಟ ತಿರುವಬೇಕು.

ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳ ಜೊತೆಗೆ ಹಳೆಯ ಕಾರಂಜಿಯೂ ಇದೆ. ಕಾರಂಜಿ ಚಿಮ್ಮಬೇಕಾದರೆ ನೀರು ಎತ್ತರದ ಜಾಗದಿಂದ ಮುಚ್ಚಿದ ದಾರಿಯಲ್ಲಿ ಬರಬೇಕು. ಆ ವಿದ್ಯೆ ಅಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ರಾಜಧಾನಿ ಬಿಜಾಪುರದಲ್ಲಿ 1651ರಲ್ಲಿ ಮುಹಮ್ಮದ್ ಆದಿಲಶಾಹನ ಕಾಲಕ್ಕೆ ಬೇಗಂ ತಾಲಾಬ್ ಕಟ್ಟಿ, ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದರು. ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿ ನೀರಿನ ಒತ್ತಡ ತಗ್ಗಿಸಿದರು. ಅದಕ್ಕೂ ಮೊದಲು ಬಹಮನಿ ಕಾಲದಲ್ಲಿ ಬೀದರಿನ ನೌಬಾದಿನಲ್ಲಿ ಸುರಂಗ ಬಾವಿ ತೋಡಿದ್ದರು. ಈ ಕರೇಜ್ ವಿದ್ಯೆ ಇರಾನಿನಿಂದ ಬಂದದ್ದು. ಊರು ಕಟ್ಟುವವನು ನೀರಿನ ದಾರಿಯನ್ನೂ ಯೋಚಿಸಬೇಕು ಎಂಬುದು ಆ ಕಾಲದ ತಿಳುವಳಿಕೆ.

ಮುಂದೆ ಬ್ರಿಟಿಷರ ಆಡಳಿತ ಬಂತು. 1876-78ರ ಭೀಕರ ಬರದಲ್ಲಿ ದಕ್ಷಿಣ ಭಾರತದ ಲಕ್ಷಾಂತರ ಜನ ಸತ್ತರು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಧೂಪದಾಳದ ಬಳಿ ಒಡ್ಡು ಕಟ್ಟಿ ಗೋಕಾಕ ಕಾಲುವೆ ತೆಗೆದರು. 1887ರಲ್ಲಿ ಜಲಪಾತದ ಬಲದಿಂದ ಗೋಕಾಕ ಮಿಲ್ಲು ನೂಲು ತೆಗೆಯತೊಡಗಿತು. ಸ್ವಾತಂತ್ರ್ಯದ ನಂತರ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟು ಎದ್ದು 1977ರಲ್ಲಿ ಪೂರ್ಣಗೊಂಡಿತು. ಅದೇ ರಾಜಾ ಲಖಮಗೌಡ ಜಲಾಶಯ. ಅದರ ಸಾಮರ್ಥ್ಯ 51 ಟಿಎಂಸಿ. ಎಡದಂಡೆ ಕಾಲುವೆ 109 ಕಿಲೋಮೀಟರ್, ಬಲದಂಡೆ ಕಾಲುವೆ 202 ಕಿಲೋಮೀಟರ್ ಉದ್ದ. ಈ ನೀರಿಗಾಗಿ ಹಳ್ಳಿಗಳು ಮುಳುಗಿದವು. ಹುನ್ನೂರಿನ ವಿಠ್ಠಲ ದೇವಾಲಯ ಇಂದಿಗೂ ನೀರು ಇಳಿದ ಬೇಸಿಗೆಯಲ್ಲಿ ಮಾತ್ರ ಹೊರಗೆ ಕಾಣುತ್ತದೆ. ನಮ್ಮ ಹೊಲದ ಹಸಿರಿನಲ್ಲಿ ಅವರ ತ್ಯಾಗವಿದೆ ಎಂಬುದನ್ನು ಮರೆಯಬಾರದು.

ಈಗ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಜಲಜೀವನ್ ಮಿಷನ್ 2019ರಲ್ಲಿ ಹಳ್ಳಿಯ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿತು. ಹತ್ತು ಲಕ್ಷ ಜನರಿಗೆ ವರ್ಷಕ್ಕೆ ಸುಮಾರು 2,007 ಕೋಟಿ ಲೀಟರ್ ಆಯಿತು. ಒಂದು ಟಿಎಂಸಿ ಎಂದರೆ ಸುಮಾರು 2,831 ಕೋಟಿ ಲೀಟರ್. ಅಂದರೆ ಹತ್ತು ಲಕ್ಷ ಜನರ ವರ್ಷದ ಮನೆಬಳಕೆಗೆ ಮುಕ್ಕಾಲು ಟಿಎಂಸಿಯೂ ಬೇಕಾಗಿಲ್ಲ! ಕಾಲುವೆಗಳೆಲ್ಲ ಮುಖ್ಯವಾಗಿ ಹೊಲಕ್ಕೆಂದೇ ತೆಗೆದವು. ಕಬ್ಬು ಬಹಳ ನೀರು ಕುಡಿಯುವ ಬೆಳೆ. ರೈತರನ್ನು ದೂರುವುದು ನನ್ನ ಉದ್ದೇಶವಲ್ಲ, ನಾವೂ ಅವರ ಅನ್ನವನ್ನೇ ಉಣ್ಣುತ್ತೇವೆ. ಆದರೆ ನಮ್ಮ ಕೊರತೆ ಹೊಳೆಯದ್ದಲ್ಲ. ಶುದ್ಧೀಕರಣ, ಟಾಕಿ, ಪೈಪು, ಕರೆಂಟು, ಹಂಚಿಕೆ ಇವುಗಳದ್ದು. 2019ರ ಆಗಸ್ಟಿನಲ್ಲಿ ಹೊಳೆಯೇ ಗೋಕಾಕದ ಓಣಿಗಳಿಗೆ ನುಗ್ಗಿತು. ಸುತ್ತ ನೀರೇ ನೀರು, ಅದರಲ್ಲಿ ಕುಡಿಯುವಂಥದ್ದು ಒಂದು ತಂಬಿಗೆಯೂ ಇಲ್ಲ.

ಇನ್ನು ಜಗತ್ತಿನ ಕಡೆ ನೋಡೋಣ. ವಿಶ್ವಸಂಸ್ಥೆ 2010ರ ಜುಲೈ 28ರಂದು ನೀರನ್ನು ಮಾನವ ಹಕ್ಕೆಂದು ಒಪ್ಪಿಕೊಂಡಿತು. ಆದರೂ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2023ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ 220 ಕೋಟಿ ಜನರಿಗೆ ಸುರಕ್ಷಿತ ನೀರಿನ ಪೂರೈಕೆ ಇರಲಿಲ್ಲ. ಶ್ರೀಮಂತ ನಗರಗಳಿಗೂ ಈ ಕಷ್ಟ ತಪ್ಪಿಲ್ಲ. 2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದರು. ಆ ವರದಿಗಳು ಇನ್ನೊಂದನ್ನೂ ಅಳೆಯುತ್ತವೆ: ನೀರು ತರಲು ಹೋಗಿ ಬರುವ ಸಮಯ ಸರದಿಯೂ ಸೇರಿ 30 ನಿಮಿಷ ಮೀರಿದರೆ ಅದು ಮೂಲಭೂತ ಸೌಲಭ್ಯವಲ್ಲ. ಇದನ್ನು ಓದಿದಾಗ ನನಗೆ ಆ ಹುಡುಗಿಯ ನೆನಪಾಯಿತು. ಅವಳು ಕಳೆದುಕೊಂಡದ್ದು ಮೊದಲ ತಾಸಿನ ಪಾಠ. ಅವಳ ಅಣ್ಣ ಮಾತ್ರ ಅಂದು ಸಮಯಕ್ಕೆ ಸರಿಯಾಗಿ ಶಾಲೆಗೆ ಬಂದಿದ್ದ.

ಮದೀನಾದಲ್ಲಿ ನೀರು ಮಾರಾಟದ ವಸ್ತುವಾಗಿದ್ದಾಗ ಹಜರತ್ ಉಸ್ಮಾನ್ (ರ) ರೂಮಾ ಬಾವಿಯನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಖಲೀಫ ಹಾರೂನ್ ರಶೀದರ ಪತ್ನಿ ಜುಬೈದಾ ಮಕ್ಕಾದ ಯಾತ್ರಿಕರಿಗಾಗಿ ಕಾಲುವೆ ತರಿಸಿದರು. ಹರಿಯುವ ಹೊಳೆಯ ದಡದಲ್ಲಿದ್ದರೂ ವುಜೂಗೆ ನೀರು ಪೋಲು ಮಾಡಬಾರದೆಂಬುದು ನಮ್ಮ ಧರ್ಮದ ಬೋಧನೆ. ಮಿತವಾಗಿ ಬಳಸುವುದು, ಎಲ್ಲರಿಗೂ ಮುಟ್ಟಿಸುವುದು ಎರಡೂ ನಮ್ಮ ಪರಂಪರೆಯೇ.

ಆದ್ದರಿಂದ ಪ್ರಿಯ ವಿದ್ಯಾರ್ಥಿಗಳೇ, ಒಂದು ವಾರ ನಿಮ್ಮ ಮನೆಗೆ ನಳ ಯಾವಾಗ ಬಂತು, ಎಷ್ಟು ಕೊಡ ತುಂಬಿತು, ಯಾರು ಎಷ್ಟು ಹೊತ್ತು ನಿಂತರು ಎಂದು ಬರೆದಿಡಿ. ಆ ಕಾಗದ ಹಿಡಿದು ಹಿರಿಯರು ಗ್ರಾಮಸಭೆಗೆ, ಪುರಸಭೆಗೆ ಹೋಗಲಿ. ಬರಿಯ ದೂರಿಗಿಂತ ಲೆಕ್ಕಕ್ಕೆ ಬೆಲೆ ಹೆಚ್ಚು. ಮತ್ತು ಅಣ್ಣಂದಿರೇ, ನಾಳೆ ನಳ ಬಂದಾಗ ಮೊದಲ ಕೊಡ ನೀವು ಎತ್ತಿರಿ. ತಂಗಿ ಸಮಯಕ್ಕೆ ಸರಿಯಾಗಿ ಶಾಲೆಗೆ ಬರಲಿ.