ಕಲ್ಲಿದ್ದಲಿನ ಜಿಲ್ಲೆ ಬರಿದಾದ ಕಥೆ

ಅಮೆರಿಕದ ಕಲ್ಲಿದ್ದಲು, ಉಕ್ಕು ಎಂದೆಲ್ಲ ನಾವು ಸಮಾಜ ಪಾಠದಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದನ್ನು ಅಗೆದು ಕೊಟ್ಟವರ ಗತಿ ಮುಂದೆ ಏನಾಯಿತು ಎಂಬುದು ಪಾಠದಲ್ಲಿ ಬರುವುದಿಲ್ಲ. ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣದ ತುದಿಯಲ್ಲಿ ಮೆಕ್‌ಡೋವೆಲ್ ಎಂಬ ಕೌಂಟಿ ಇದೆ (ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಿ, ಆದರೆ ಚಿಕ್ಕದು). 1950ರಲ್ಲಿ ಅಲ್ಲಿ 98,887 ಜನರಿದ್ದರು. 2020ರ ಜನಗಣತಿಯಲ್ಲಿ ಉಳಿದವರು 19,111! ಯುದ್ಧವಿಲ್ಲ, ಬರವಿಲ್ಲ. ಜನ ಎಲ್ಲಿಗೆ ಹೋದರು?

1890ರ ಸುಮಾರಿಗೆ ಆ ಬೆಟ್ಟಗಳ ಸಂದಿಗೆ ರೈಲು ಬಂತು. ಅಲ್ಲಿನ ಕಲ್ಲಿದ್ದಲಿಗೆ ಹೊಗೆ ಕಡಿಮೆ, ಕಾವು ಹೆಚ್ಚು. ಯುದ್ಧನೌಕೆಗಳಿಗೂ ಉಕ್ಕಿನ ಕುಲುಮೆಗಳಿಗೂ ಅದೇ ಬೇಕು. ದಕ್ಷಿಣದ ರಾಜ್ಯಗಳಿಂದ ಕಪ್ಪು ಕಾರ್ಮಿಕರು, ಇಟಲಿ, ಹಂಗೆರಿಗಳಿಂದ ವಲಸಿಗರು ಬಂದು ಸೇರಿದರು. ನೆಲ ಕಂಪನಿಯದು, ಮನೆ ಕಂಪನಿಯದು, ಅಂಗಡಿಯೂ ಕಂಪನಿಯದೇ. ಕೂಲಿಯ ಒಂದು ಪಾಲು ಆ ಅಂಗಡಿಯಲ್ಲಷ್ಟೇ ನಡೆಯುವ ಬಿಲ್ಲೆಗಳ ರೂಪದಲ್ಲಿ ಸಿಗುತ್ತಿತ್ತು. ಲಾಭವೆಲ್ಲ ಹೊರಗಿನ ಮಾಲೀಕರಿಗೆ ಹೋಯಿತು.

ಗಣಿ ಬರಿದಾಯಿತು, ಊರೂ ಬರಿದಾಯಿತು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. 1950ರಲ್ಲಿ ಗಣಿ ಕಾರ್ಮಿಕರ ಸಂಘದ ನಾಯಕ ಜಾನ್ ಎಲ್. ಲೂಯಿಸ್ ಮಾಲೀಕರೊಡನೆ ಒಂದು ಒಪ್ಪಂದ ಮಾಡಿಕೊಂಡರು. ಮಾಲೀಕರು ಟನ್ನಿಗೆ ಇಷ್ಟೆಂದು ಕಾರ್ಮಿಕರ ಆಸ್ಪತ್ರೆ, ಪಿಂಚಣಿಯ ನಿಧಿಗೆ ಹಣ ಕೊಡಬೇಕು, ಸಂಘವು ಯಂತ್ರಗಳಿಗೆ ಅಡ್ಡ ಬರಬಾರದು. ಯಂತ್ರ ಹೆಚ್ಚು ಅಗೆದಷ್ಟೂ ನಿಧಿ ತುಂಬುತ್ತದೆ, ಆದರೆ ಆಳು ಬೇಡವಾಗುತ್ತಾನೆ. ಲೂಯಿಸರಿಗೆ ಇದು ತಿಳಿಯದ್ದೇನಲ್ಲ. ಕಡಿಮೆ ಜನಕ್ಕೆ ಒಳ್ಳೆಯ ಕೂಲಿ ಸಿಗಲಿ ಎಂಬುದು ಅವರ ಲೆಕ್ಕ. 1960ಕ್ಕೆ ಕೌಂಟಿಯ ಜನಸಂಖ್ಯೆ 71,359ಕ್ಕೆ ಇಳಿಯಿತು. ಕಲ್ಲಿದ್ದಲು ಮಾತ್ರ ರೈಲಿನಲ್ಲಿ ಹೋಗುತ್ತಲೇ ಇತ್ತು.

ಅದೇ ವರ್ಷ ಚುನಾವಣಾ ಪ್ರಚಾರಕ್ಕೆಂದು ಅಲ್ಲಿಗೆ ಹೋದ ಕೆನಡಿ ಆ ಹಸಿವನ್ನು ಕಂಡರು. 1961ರ ಮೇ 29ರಂದು ವೆಲ್ಚ್ ಪಟ್ಟಣದಲ್ಲಿ, ಕೆಲಸ ಕಳೆದುಕೊಂಡ ಒಬ್ಬ ಗಣಿ ಕಾರ್ಮಿಕನ ಕುಟುಂಬಕ್ಕೆ ಕೃಷಿ ಮಂತ್ರಿ ಆರ್ವಿಲ್ ಫ್ರೀಮನ್ ಖುದ್ದಾಗಿ ಆಹಾರ ಚೀಟಿ ಕೊಟ್ಟರು. 1943ರಲ್ಲಿ ನಿಂತುಹೋಗಿದ್ದ ಯೋಜನೆ ಮತ್ತೆ ಶುರುವಾದದ್ದು ಹೀಗೆ. ಅದೂ ಪುಕ್ಕಟೆಯಲ್ಲ, ಒಂದಿಷ್ಟು ಹಣ ಕಟ್ಟಿ ಹೆಚ್ಚು ಬೆಲೆಯ ಚೀಟಿ ಪಡೆಯಬೇಕಿತ್ತು. ನಮ್ಮ ರೇಷನ್ ಕಾರ್ಡಿನ ದೂರದ ದಾಯಾದಿ ಎನ್ನೋಣವೇ?

ಅದೇ ಕೌಂಟಿಯ ಕೋಲ್‌ವುಡ್ ಎಂಬ ಗಣಿ ಊರಿನ ಹುಡುಗ ಹೋಮರ್ ಹಿಕಮ್ ಗೆಳೆಯರೊಡನೆ ರಾಕೆಟ್ ಹಾರಿಸಿ, 1960ರ ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಬಹುಮಾನ ಗೆದ್ದ, ಮುಂದೆ ನಾಸಾದಲ್ಲಿ ಎಂಜಿನಿಯರ್ ಆದ. 1999ರಲ್ಲಿ ಆ ಕಥೆ ಸಿನಿಮಾ ಆಯಿತು. ಮಕ್ಕಳಿಗೆ ಖಂಡಿತ ತೋರಿಸಬೇಕು. ಆದರೆ ಓದಿ ಮುಂದೆ ಬಂದ ಹುಡುಗನೂ ಊರು ಬಿಟ್ಟೇ ಹೋಗಬೇಕಾಯಿತಲ್ಲ!

1980ರ ದಶಕದಲ್ಲಿ ಉಕ್ಕಿನ ಕಂಪನಿಗಳೂ ಅಲ್ಲಿನ ಗಣಿಗಳನ್ನು ಮುಚ್ಚಿದವು. 2001, 2002ರಲ್ಲಿ ಪ್ರವಾಹ. 2016ರಲ್ಲಿ ವಾಲ್‌ಮಾರ್ಟ್ ಅಂಗಡಿಯೂ ಬಾಗಿಲು ಹಾಕಿತು.

ಶಾಲೆಗೆ ಶಿಕ್ಷಕರು ಸಿಗುತ್ತಿರಲಿಲ್ಲ, ಬಂದವರಿಗೆ ಇರಲು ನೆಟ್ಟಗಿನ ಬಾಡಿಗೆ ಮನೆ ಇರಲಿಲ್ಲ. ಕೊನೆಗೆ ಶಿಕ್ಷಕರ ಸಂಘವೇ ಮುಂದೆ ನಿಂತು ವೆಲ್ಚ್‌ನಲ್ಲಿ ಶಿಕ್ಷಕರಿಗಾಗಿ ಮನೆಗಳನ್ನು ಕಟ್ಟಿಸಿತು. 2018ರ ಫೆಬ್ರುವರಿಯಲ್ಲಿ ಸಂಬಳಕ್ಕಾಗಿ ಆ ರಾಜ್ಯದ ಎಲ್ಲ 55 ಕೌಂಟಿಗಳ ಶಿಕ್ಷಕರು ಮುಷ್ಕರ ಹೂಡಿದರು. ಶಾಲೆ ಮುಚ್ಚಿದರೆ ಎಷ್ಟೋ ಮಕ್ಕಳಿಗೆ ಮಧ್ಯಾಹ್ನದ ಊಟವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ಮುಷ್ಕರಕ್ಕೆ ಮೊದಲು ಊಟದ ಪೊಟ್ಟಣಗಳನ್ನು ಕಟ್ಟಿ ಮಕ್ಕಳ ಕೈಗೆ ಕೊಟ್ಟರು.