ನಾಯಕನಿಗೆ ಅಂಕ ಕೊಟ್ಟವರು

1960ರ ದಶಕದ ಇಂಗ್ಲೆಂಡು. ಗ್ರಂಥಾಲಯವೊಂದರಲ್ಲಿ ಹೆಂಗಸೊಬ್ಬರು ಒಳ್ಳೆಯ ಪ್ರೇಮಕಥೆಯೇ ಸಿಗುತ್ತಿಲ್ಲ ಎಂದು ಗೊಣಗಿಕೊಂಡರು. ಅಲ್ಲೇ ಇದ್ದ ಬೆಟ್ಟಿ ನೀಲ್ಸ್ ಎಂಬ ನಿವೃತ್ತ ನರ್ಸ್ ಕಿವಿಗೆ ಆ ಮಾತು ಬಿತ್ತು. ಬೆಟ್ಟಿಗೆ ಆಗ ಅರವತ್ತರ ಹತ್ತಿರದ ವಯಸ್ಸು, ಗಂಡ ಹಾಲೆಂಡಿನವರು. ಹಾಗಾದರೆ ತಾನೇ ಒಂದು ಬರೆದು ನೋಡೋಣ ಎಂದು ಕೂತರು. ‘ಸಿಸ್ಟರ್ ಪೀಟರ್ಸ್ ಇನ್ ಆ್ಯಮ್‌ಸ್ಟರ್‌ಡ್ಯಾಮ್’ ಅವರ ಮೊದಲ ಕಾದಂಬರಿ. 2001ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನೂರಮೂವತ್ತಕ್ಕೂ ಹೆಚ್ಚು ಕಾದಂಬರಿ ಬರೆದಿದ್ದರು. ಬಹುಪಾಲು ಕಥೆಗಳಲ್ಲಿ ನಾಯಕ ಎತ್ತರದ, ಭಾರಿ ಮೈಕಟ್ಟಿನ, ಮಾತು ಕಡಿಮೆಯ ಡಚ್ ವೈದ್ಯ. ನಾಯಕಿ ದುಡಿಯುವ ನರ್ಸ್, ಎಷ್ಟೋ ಸಲ ತಾನು ಚೆಲುವೆಯಲ್ಲವೆಂದೇ ನಂಬಿದವಳು. ಕೊನೆಯ ಪುಟದ ಆಸುಪಾಸಿನಲ್ಲಿ ಆ ವೈದ್ಯ ಬಾಯಿ ಬಿಡುತ್ತಾನೆ. ಅಲ್ಲಿಯವರೆಗೆ ಓದುಗರು ಕಾಯುತ್ತಾರೆ.

ಗೊಣಗಿದ ಆ ಹೆಂಗಸಿನ ಹೆಸರು ಎಲ್ಲೂ ದಾಖಲಾಗಿಲ್ಲ. ಆದರೆ ಮಿಲ್ಸ್ ಅಂಡ್ ಬೂನ್ ಬಗೆಯ ಕಾದಂಬರಿಗಳ ಚರಿತ್ರೆಯಲ್ಲಿ ನಾಯಕ ಗೆದ್ದನೋ ಸೋತನೋ, ನಾಯಕಿ ಒಪ್ಪಿಗೆಯಾದಳೋ ಇಲ್ಲವೋ ಎಂದು ಹೇಳಿದವರು ಆಕೆಯಂಥವರೇ. ಸಾಹಿತ್ಯ ವಿಮರ್ಶಕರು ಈ ಪುಸ್ತಕಗಳತ್ತ ಕಣ್ಣು ಹಾಯಿಸಿದ್ದು ತೀರ ತಡವಾಗಿ. ಅಷ್ಟರಲ್ಲಿ ಪುಸ್ತಕ ಎರವಲು ಕೊಡುವ ಕಟ್ಟೆಯ ಮುಂದೆ ಎರಡು ತಲೆಮಾರಿನ ಹೆಂಗಸರು ತೀರ್ಪು ಕೊಟ್ಟು ಮುಗಿಸಿದ್ದರು.

ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ ಇಬ್ಬರೂ ಮೆಥ್ಯುಯೆನ್ ಪ್ರಕಾಶನದಲ್ಲಿ ಕೆಲಸ ಮಾಡಿ ಹೊರಬಂದವರು. 1908ರಲ್ಲಿ ಲಂಡನ್ನಿನಲ್ಲಿ ಇಬ್ಬರೂ ಸೇರಿ ತಮ್ಮದೇ ಸಂಸ್ಥೆ ತೆರೆದರು. ಅವರ ಮೊದಲ ಪುಸ್ತಕ ಸೋಫಿ ಕೋಲ್ ಬರೆದ ‘ಆ್ಯರೋಸ್ ಫ್ರಮ್ ದ ಡಾರ್ಕ್’ ಪ್ರೇಮಕಥೆಯೇ ಆಗಿದ್ದರೂ, ಮುಂದಿನ ಇಪ್ಪತ್ತು ವರ್ಷ ಅವರು ಜಾಕ್ ಲಂಡನ್ ಕಥೆಗಳನ್ನೂ ಅಚ್ಚು ಹಾಕಿದರು, ಪಿ. ಜಿ. ವುಡ್‌ಹೌಸ್ ಅವರನ್ನೂ ಪ್ರಕಟಿಸಿದರು. ದಾರಿ ಬದಲಾದದ್ದು 1928ರಲ್ಲಿ ಮಿಲ್ಸ್ ತೀರಿಕೊಂಡ ಮೇಲೆ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಹೊಸ ಪುಸ್ತಕ ಕೊಳ್ಳುವವರು ಕಡಿಮೆ, ಬಾಡಿಗೆಗೆ ಒಯ್ಯುವವರು ಬಹಳ. ಬೂಟ್ಸ್ ಔಷಧದಂಗಡಿಗಳಿಗೂ ಡಬ್ಲ್ಯೂ. ಎಚ್. ಸ್ಮಿತ್ ಅಂಗಡಿಗಳಿಗೂ ತಮ್ಮವೇ ಲೈಬ್ರರಿಗಳಿದ್ದವು. ಅವುಗಳ ಜೊತೆಗೆ ತಂಬಾಕಿನಂಗಡಿ, ಪೇಪರ್ ಅಂಗಡಿಗಳ ಮೂಲೆಯಲ್ಲಿ ‘ಎರಡು ಪೆನ್ನಿ ಲೈಬ್ರರಿ’ಗಳು ಹುಟ್ಟಿಕೊಂಡವು. ಎರಡು ಪೆನ್ನಿ ಕೊಟ್ಟರೆ ಒಂದು ಕಾದಂಬರಿ ಮನೆಗೆ. ಮಿಲ್ಸ್ ಅಂಡ್ ಬೂನ್ ಪುಸ್ತಕಗಳಿಗೆ ಕಂದು ಬಣ್ಣದ ರಟ್ಟು ಇರುತ್ತಿತ್ತು. ಎಷ್ಟೋ ಓದುಗರಿಗೆ ಲೇಖಕಿಯ ಹೆಸರಿಗಿಂತ ಆ ಕಂದು ಬಣ್ಣವೇ ಹೆಚ್ಚು ಪರಿಚಿತವಾಗಿತ್ತು.

ಬಾಡಿಗೆ ಪುಸ್ತಕದ ವ್ಯಾಪಾರದಲ್ಲಿ ಓದುಗರ ಮನಸ್ಸು ಬೇಗ ತಿಳಿಯುತ್ತದೆ. ಕೊಂಡ ಪುಸ್ತಕ ಹಿಡಿಸದಿದ್ದರೆ ಅದು ಮನೆಯಲ್ಲೇ ಧೂಳು ತಿನ್ನುತ್ತದೆ, ಅಂಗಡಿಯವನಿಗೆ ಸುದ್ದಿ ಮುಟ್ಟುವುದಿಲ್ಲ. ಬಾಡಿಗೆಗೆ ಒಯ್ದದ್ದು ಮರುದಿನ ವಾಪಸು ಬರುತ್ತದೆ, ಜೊತೆಗೆ ಒಂದು ಮಾತೂ ಬರುತ್ತದೆ. ಈ ನಾಯಕ ತೀರ ಸಪ್ಪೆ, ಆ ನಾಯಕಿ ಬರೀ ಅಳುಮುಂಜಿ ಎನ್ನುವ ಮಾತು ಲೈಬ್ರರಿಯಿಂದ ಪ್ರಕಾಶಕರ ಮೇಜಿಗೆ ತಲುಪಲು ಹೆಚ್ಚು ಕಾಲ ಬೇಕಿರಲಿಲ್ಲ.

ಆ ಮೇಜಿನ ಹಿಂದೆ ಚಾರ್ಲ್ಸ್ ಬೂನರ ಮಗ ಅಲನ್ ಬೂನ್ ದಶಕಗಳ ಕಾಲ ಕೂತಿದ್ದರು. ಹಸ್ತಪ್ರತಿ ಓದುವುದು, ಲೇಖಕಿಯರಿಗೆ ಪತ್ರ ಬರೆಯುವುದು, ಕಥೆ ತಿದ್ದಿಸುವುದು ಅವರ ಕೆಲಸ. ಸಂಸ್ಥೆಯೊಳಗೆ ಎರಡು ಸೂತ್ರಗಳು ಬಳಕೆಯಲ್ಲಿದ್ದವು. ಮೊದಲನೆಯದು ‘ಲಬಕ್ ನಿಯಮ’. ಪರ್ಸಿ ಲಬಕ್ ಎಂಬ ವಿಮರ್ಶಕರು 1921ರಲ್ಲಿ ಕಾದಂಬರಿ ಕಲೆಯ ಬಗ್ಗೆ ಬರೆದ ಪುಸ್ತಕದಿಂದ ಬಂದದ್ದು ಇದು: ಇಡೀ ಕಥೆ ನಾಯಕಿಯ ಕಣ್ಣಿನಿಂದಲೇ ನಡೆಯಬೇಕು. ಎರಡನೆಯದು ‘ಆಲ್ಫಾ ಗಂಡು’: ನಾಯಕನಾದವನು ಕಸುವುಳ್ಳವನಾಗಿರಬೇಕು, ನಾಲ್ಕು ಜನರ ನಡುವೆ ಎದ್ದು ಕಾಣಬೇಕು, ಸುಲಭವಾಗಿ ಬಾಗಬಾರದು.

ಈ ಎರಡು ಸೂತ್ರಗಳನ್ನು ಜೋಡಿಸಿ ನೋಡಿದರೆ ಈ ಕಾದಂಬರಿಗಳ ಅರ್ಧ ಗುಟ್ಟು ತಿಳಿಯುತ್ತದೆ. ನಾಯಕನ ಮನಸ್ಸಿನೊಳಕ್ಕೆ ಓದುಗರಿಗೆ ಪ್ರವೇಶವಿಲ್ಲ. ಅವನೇಕೆ ಮುಖ ಗಂಟಿಕ್ಕಿದ, ಊಟದ ನಡುವೆ ಏಕೆ ಎದ್ದು ಹೋದ ಎಂಬುದನ್ನು ನಾಯಕಿಯ ಜೊತೆಗೇ ಊಹಿಸಬೇಕು. ಎಷ್ಟೋ ಜನ ಬೈಯುವ ‘ತಪ್ಪು ತಿಳಿವಳಿಕೆ’ಯ ಪಟ್ಟು ಹುಟ್ಟಿದ್ದು ಇಲ್ಲಿಂದಲೇ. ಇಬ್ಬರೂ ಕೂತು ಹತ್ತು ನಿಮಿಷ ಮಾತಾಡಿದ್ದರೆ ಮುಗಿಯುತ್ತಿದ್ದ ಕಥೆ ಇನ್ನೂರು ಪುಟ ಎಳೆಯುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ತಂದೆ, ಅಣ್ಣ, ಗಂಡ, ಮೇಲಧಿಕಾರಿ ಹೀಗೆ ಮನಸ್ಸು ಬಿಚ್ಚದ ಗಂಡಸರ ನಡುವೆಯೇ ಬದುಕಿದ ಹೆಂಗಸಿಗೆ, ಆ ಮೌನದ ಹಿಂದೆ ಪ್ರೀತಿಯೇ ಇತ್ತು ಎಂಬ ಕೊನೆಯ ಅಧ್ಯಾಯ ಸಣ್ಣ ಸಮಾಧಾನವಾಗಿರಲಿಲ್ಲ.

ಉಳಿದ ಪಟ್ಟುಗಳಿಗೂ ಹೀಗೆಯೇ ಕಾರಣಗಳಿದ್ದವು. ಮೊದಲು ಮದುವೆ, ಆಮೇಲೆ ಪ್ರೀತಿ ಎನ್ನುವ ಒಪ್ಪಂದದ ಮದುವೆಯನ್ನೇ ನೋಡಬಹುದು. ಆಸ್ತಿಗಾಗಿಯೋ ಅನಾಥ ಮಗುವಿಗಾಗಿಯೋ ಇಬ್ಬರು ಮದುವೆಯಾಗುತ್ತಾರೆ, ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಾರೆ. ಜಾರ್ಜೆಟ್ ಹೇಯರ್ 1934ರಲ್ಲಿ ‘ದ ಕನ್ವೀನಿಯೆಂಟ್ ಮ್ಯಾರೇಜ್’ ಎಂದು ಹೆಸರಿನಲ್ಲೇ ಅದನ್ನು ಸಾರಿದರು. ಮದುವೆಗೆ ಮುಂಚೆ ಗಂಡು ಹೆಣ್ಣು ಒಂದೇ ಸೂರಿನಡಿ ಇರುವುದನ್ನು ಬರೆಯಲಾಗದ ಕಾಲದಲ್ಲಿ ಈ ಪಟ್ಟು ಲೇಖಕಿಗೆ ಬಾಗಿಲು ತೆರೆದುಕೊಟ್ಟಿತು. ತಾಳಿ ಕಟ್ಟಿಸಿಕೊಂಡವರ ಮೇಲೆ ಯಾವ ಪಾದ್ರಿಯೂ ಬೆರಳು ತೋರಿಸುವಂತಿಲ್ಲ, ಆದರೂ ಪ್ರೇಮದ ತುಡಿತಕ್ಕೆ ಪೂರ್ತಿ ಜಾಗವಿದೆ. ಮಹಿಳಾ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಮಾರಾಟವಾಗಬೇಕೆಂದರೆ ಕಟ್ಟುಪಾಡು ಇನ್ನೂ ಬಿಗಿ. ಕುಡಿತ ಕೂಡದು ಎನ್ನುವ ಸಂಪಾದಕರಿದ್ದರು. ಕ್ಯಾಥೊಲಿಕ್ ಐರ್ಲೆಂಡಿನ ಮಾರುಕಟ್ಟೆ ಕೈತಪ್ಪಬಾರದೆಂದು ವಿಚ್ಛೇದನದ ಮಾತನ್ನೇ ದೂರ ಇಡಬೇಕಿತ್ತು. ನಾಯಕಿಯ ಸಾಚಾತನಕ್ಕೆ ಅಂಕ ಕೊಟ್ಟವರಲ್ಲಿ ಓದುಗರ ಜೊತೆ ಈ ಸಂಪಾದಕರೂ ಸೇರಿದ್ದರು.

ಪುಸ್ತಕದ ನಾಯಕಿಯರಿಗೆ ಇಷ್ಟೆಲ್ಲ ಬೇಲಿ ಇದ್ದ ದಿನಗಳಲ್ಲಿ, ಅವರನ್ನು ಬರೆಯುತ್ತಿದ್ದವರಲ್ಲಿ ಒಬ್ಬರು ಮಾಡಿದ ಕೆಲಸವನ್ನು ಇಲ್ಲಿ ನೆನೆಯಲೇಬೇಕು. ಮೇರಿ ಬರ್ಚೆಲ್ ಎಂಬ ಹೆಸರಿನಲ್ಲಿ 1936ರಿಂದ ಮಿಲ್ಸ್ ಅಂಡ್ ಬೂನ್‌ಗೆ ಬರೆದವರು ಇಡಾ ಕುಕ್. ಇಡಾ ಮತ್ತು ಅಕ್ಕ ಲೂಯಿಸ್ ಇಬ್ಬರಿಗೂ ಅಪೆರಾ ಸಂಗೀತದ ಹುಚ್ಚು. ಅದೇ ನೆಪದಲ್ಲಿ ನಾಜಿ ಜರ್ಮನಿಗೆ ಮತ್ತೆ ಮತ್ತೆ ಹೋಗಿ ಬರುತ್ತಿದ್ದರು. ಯಹೂದಿ ಕುಟುಂಬಗಳ ಒಡವೆಗಳನ್ನು ಮೈಮೇಲೆ ಹಾಕಿಕೊಂಡು ಗಡಿ ದಾಟಿಸಿದರು, ಜಾಮೀನು ಹೊಂದಿಸಿದರು, 29 ಜನರ ಜೀವ ಉಳಿಸಿದರು. ಇದಕ್ಕೆಲ್ಲ ಖರ್ಚಾದದ್ದು ಇಡಾ ಪ್ರೇಮಕಥೆ ಬರೆದು ಗಳಿಸಿದ ಹಣ. ಎರಡು ಪೆನ್ನಿ ಕೊಟ್ಟು ಕಂದು ರಟ್ಟಿನ ಪುಸ್ತಕ ಒಯ್ದ ಯಾವ ಹೆಂಗಸಿಗೂ ತನ್ನ ಚಿಲ್ಲರೆ ಎಲ್ಲಿಗೆ ಹೋಯಿತೆಂದು ಗೊತ್ತಿರಲಿಲ್ಲ. ಮುಂದೆ ಇಡಾ ಇಂಗ್ಲೆಂಡಿನ ಪ್ರಣಯ ಕಾದಂಬರಿಕಾರರ ಸಂಘಕ್ಕೆ ಎರಡು ದಶಕ ಅಧ್ಯಕ್ಷರಾಗಿದ್ದರು.

ಯುದ್ಧ ಮುಗಿದ ಮೇಲೆ 1948ರಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಆಸ್ಪತ್ರೆಯ ಕಾರಿಡಾರು ಪ್ರೇಮಕಥೆಯ ಅಂಗಳವಾಯಿತು. ಡಾಕ್ಟರು ಮತ್ತು ನರ್ಸ್ ಕಥೆಗಳೇ ಅಟ್ಲಾಂಟಿಕ್ ದಾಟಿದವು ಕೂಡ. ಕೆನಡಾದ ವಿನಿಪೆಗ್‌ನಲ್ಲಿ ರಿಚರ್ಡ್ ಬಾನಿಕ್ಯಾಸಲ್ 1949ರಲ್ಲಿ ಆರಂಭಿಸಿದ್ದ ಹಾರ್ಲೆಕ್ವಿನ್ ಸಂಸ್ಥೆ ಪತ್ತೇದಾರಿಯಿಂದ ಹಿಡಿದು ಎಲ್ಲ ಬಗೆಯ ಅಗ್ಗದ ಪುಸ್ತಕಗಳನ್ನು ಮರುಮುದ್ರಿಸುತ್ತಿತ್ತು. ಅವುಗಳ ನಡುವೆ ಮಿಲ್ಸ್ ಅಂಡ್ ಬೂನ್‌ನ ವೈದ್ಯಕೀಯ ಪ್ರೇಮಕಥೆಗಳ ಮೇಲೆ ಕಣ್ಣಿಟ್ಟವರು ರಿಚರ್ಡರ ಹೆಂಡತಿ ಮೇರಿ. 1957ರಲ್ಲಿ ಆ್ಯನ್ ವಿಂಟನ್ ಅವರ ‘ದ ಹಾಸ್ಪಿಟಲ್ ಇನ್ ಬುವಾಂಬೊ’ ಹಾರ್ಲೆಕ್ವಿನ್ ಪುಸ್ತಕವಾಗಿ ಬಂತು. ಯಾವುದು ಅಚ್ಚಾಗಬೇಕು, ಯಾವುದು ಬೇಡ ಎಂಬುದನ್ನು ಮೇರಿಯೇ ಓದಿ ಹೇಳುತ್ತಿದ್ದರು. ಸಭ್ಯತೆಯ ಗೆರೆ ದಾಟಿದ್ದಕ್ಕೆ ಅವರ ಒಪ್ಪಿಗೆ ಇರುತ್ತಿರಲಿಲ್ಲ. ಇತ್ತ 1960ರ ದಶಕದಲ್ಲಿ ಸ್ಮಿತ್ ಮತ್ತು ಬೂಟ್ಸ್ ಲೈಬ್ರರಿಗಳು ಮುಚ್ಚಿದಾಗ ಮಿಲ್ಸ್ ಅಂಡ್ ಬೂನ್ ಸಂಸ್ಥೆಯನ್ನು ಉಳಿಸಿದ್ದು ಕಾಗದದ ರಟ್ಟಿನ ಈ ಅಗ್ಗದ ಆವೃತ್ತಿಗಳೇ. 1971ರಲ್ಲಿ ಹಾರ್ಲೆಕ್ವಿನ್ ಅದನ್ನು ಕೊಂಡುಕೊಂಡಿತು.

ಅದಕ್ಕೆ ಒಂದು ವರ್ಷ ಮುಂಚೆ ನಾಯಕನ ಗುಣದ ಬಗ್ಗೆ ದೊಡ್ಡ ಗಲಾಟೆ ಎದ್ದಿತ್ತು. ಲೇಖಕಿ ವಯೊಲೆಟ್ ವಿನ್‌ಸ್ಪಿಯರ್ ಹದಿಹರೆಯದಲ್ಲೇ ಕಾರ್ಖಾನೆ ಸೇರಿ ದುಡಿದವರು. ಮದುವೆಯಾಗಲಿಲ್ಲ, ಇಂಗ್ಲೆಂಡಿನ ಆಗ್ನೇಯ ಮೂಲೆಯನ್ನು ಬಿಟ್ಟು ಹೋದವರೂ ಅಲ್ಲ. ಗ್ರೀಸ್, ಸ್ಪೇನ್, ಮರುಭೂಮಿ ಎಲ್ಲವನ್ನೂ ಊರಿನ ಗ್ರಂಥಾಲಯದಲ್ಲಿ ಕೂತು ಓದಿಯೇ ಕಟ್ಟಿದವರು. ತಮ್ಮ ನಾಯಕರು ಬಲಾತ್ಕಾರಕ್ಕೂ ಹೇಸದಂಥ, ಒಂಟಿಯಾಗಿ ಜೊತೆಗಿರಲು ಭಯ ಹುಟ್ಟಿಸುವಂಥ ಗಂಡಸರಾಗಿರಬೇಕು ಎಂಬರ್ಥದ ಮಾತನ್ನು ಅವರು 1970ರಲ್ಲಿ ‘ರೇಡಿಯೊ ಟೈಮ್ಸ್’ ಪತ್ರಿಕೆಗೆ ಹೇಳಿದರು. ಸಿಟ್ಟಿನ ಪತ್ರಗಳು ಬಂದು ಬಿದ್ದವು. ಅದೇ ವರ್ಷ ಜರ್ಮೇನ್ ಗ್ರೀರ್ ‘ದ ಫೀಮೇಲ್ ಯೂನಕ್’ ಪುಸ್ತಕದಲ್ಲಿ, ಇಂಥ ನಾಯಕನನ್ನು ಹೆಂಗಸರೇ ಕಲ್ಪಿಸಿಕೊಂಡು ತಮ್ಮ ಸಂಕೋಲೆಯನ್ನು ತಾವೇ ಮುದ್ದಿಸುತ್ತಿದ್ದಾರೆ ಎಂದು ಕಟುವಾಗಿ ವಾದಿಸಿದರು.

ವಿನ್‌ಸ್ಪಿಯರ್ ನಾಯಕನಿಗೆ ಹಿರಿಯನೊಬ್ಬನಿದ್ದ. 1919ರಲ್ಲಿ ಇ. ಎಂ. ಹಲ್ ಬರೆದ ‘ದ ಶೇಖ್’ ಕಾದಂಬರಿಯಲ್ಲಿ ಅರಬ್ ಸರದಾರ ನಾಯಕಿಯನ್ನು ಅಪಹರಿಸುತ್ತಾನೆ, ಬಲಾತ್ಕರಿಸುತ್ತಾನೆ, ಕೊನೆಗೆ ಪ್ರೇಮಿಯಾಗುತ್ತಾನೆ. 1921ರಲ್ಲಿ ರುಡಾಲ್ಫ್ ವ್ಯಾಲೆಂಟಿನೊ ಆ ಪಾತ್ರದಲ್ಲಿ ತೆರೆಗೆ ಬಂದು ಲೋಕಪ್ರಸಿದ್ಧನಾದ. ಹೆಣ್ಣು ತಾನಾಗಿ ಬಯಸಿದಳು ಎಂದು ಬರೆಯಲು ಬಿಡದ ಸಮಾಜದಲ್ಲಿ, ಅವಳ ಬಯಕೆಯ ಹೊಣೆಯನ್ನೆಲ್ಲ ಗಂಡಿನ ಜುಲುಮೆಯ ಮೇಲೆ ಹೊರಿಸುವುದು ಲೇಖಕಿಯರಿಗೆ ಉಳಿದ ಒಂದು ದಾರಿಯಾಗಿತ್ತು ಎಂದು ವಾದಿಸಬಹುದು. ಆ ವಾದದಲ್ಲಿ ಸತ್ಯವಿದೆ. ಆದರೂ ಇಂದು ಆ ಪುಟಗಳನ್ನು ಓದುವಾಗ ಮನಸ್ಸು ಮುದುಡುತ್ತದೆ. ದೌರ್ಜನ್ಯವನ್ನು ಪ್ರೇಮದ ಪೀಠಿಕೆಯೆಂದು ಒಪ್ಪಿಸಿದ್ದು ಈ ಪರಂಪರೆಯ ನಿಜವಾದ ಕಳಂಕ, ಅದನ್ನು ಮೆತ್ತಗೆ ಹೇಳಿ ತೊಳೆಯಲಾಗದು. ಗಲಾಟೆಯಿಂದ ವಿನ್‌ಸ್ಪಿಯರ್ ಪುಸ್ತಕಗಳು ನಿಲ್ಲಲಿಲ್ಲ. 1973ರಲ್ಲಿ ಹಾರ್ಲೆಕ್ವಿನ್ ‘ಪ್ರೆಸೆಂಟ್ಸ್’ ಎಂಬ ಬಿಸಿ ಹೆಚ್ಚಿದ ಹೊಸ ಮಾಲೆ ತಂದಾಗ ಆ್ಯನ್ ಹ್ಯಾಂಪ್ಸನ್, ಆ್ಯನ್ ಮೇದರ್ ಜೊತೆ ಮೊದಲ ಮೂವರಲ್ಲಿ ಅವರೂ ಒಬ್ಬರು.

ಹಾಗಾದರೆ ಓದುಗರಿಗೆ ನಿಜಕ್ಕೂ ಇಂಥ ನಾಯಕನೇ ಬೇಕಿತ್ತೇ? ಇದನ್ನು ಓದುಗರನ್ನೇ ಕೂರಿಸಿಕೊಂಡು ಕೇಳಿದವರು ಅಮೆರಿಕದ ವಿದ್ವಾಂಸೆ ಜಾನಿಸ್ ರಾಡ್‌ವೇ. ಮಧ್ಯಪಶ್ಚಿಮ ಭಾಗದ ಊರೊಂದಕ್ಕೆ ಅವರು ‘ಸ್ಮಿತ್‌ಟನ್’ ಎಂದು ಹೆಸರಿಟ್ಟರು. ಅಲ್ಲಿನ ಪುಸ್ತಕದಂಗಡಿಯಲ್ಲಿದ್ದ ಮಹಿಳೆಯನ್ನು ‘ಡಾಟ್’ ಎಂದು ಕರೆದರು. ತಿಂಗಳು ತಿಂಗಳೂ ರಾಶಿಯಾಗಿ ಬರುವ ಪ್ರೇಮಕಥೆಗಳನ್ನು ಡಾಟ್ ಓದಿ, ದರ್ಜೆ ಹಾಕಿ, ಸುದ್ದಿಪತ್ರ ಹೊರಡಿಸುತ್ತಿದ್ದರು. ಗಿರಾಕಿಗಳು ಅದನ್ನು ನೋಡಿಯೇ ಕೊಳ್ಳುತ್ತಿದ್ದರು, ನ್ಯೂಯಾರ್ಕಿನ ಸಂಪಾದಕರೂ ಡಾಟ್ ಏನೆನ್ನುತ್ತಾರೆಂದು ಕಿವಿಗೊಡತೊಡಗಿದರು. 1984ರಲ್ಲಿ ಬಂದ ‘ರೀಡಿಂಗ್ ದ ರೊಮಾನ್ಸ್’ ಪುಸ್ತಕಕ್ಕೆ ಆಧಾರವಾದದ್ದು ಡಾಟ್ ಮತ್ತು ಅವರ ಬಳಗದ ಸುಮಾರು ನಲವತ್ತು ಓದುಗರ ಮಾತು.

ಆ ಗೃಹಿಣಿಯರು ಕೊಟ್ಟ ಉತ್ತರ ವಿಮರ್ಶಕರ ಊಹೆಗೆ ಹೊಂದಲಿಲ್ಲ. ನಾಯಕನಲ್ಲಿ ಅವರು ಮೊದಲು ಹುಡುಕಿದ್ದು ಬುದ್ಧಿ, ಮೃದುತನ, ಹಾಸ್ಯಪ್ರಜ್ಞೆ. ನಾಯಕಿಯಲ್ಲೂ ಬುದ್ಧಿ, ಹಾಸ್ಯ, ಸ್ವಂತಿಕೆ. ಕಥೆಯಲ್ಲಿ ಇರಲೇಬಾರದ್ದು ಬಲಾತ್ಕಾರ, ಹಿಂಸೆ, ದುಃಖದ ಮುಕ್ತಾಯ ಮತ್ತು ಪುಕ್ಕಲು ನಾಯಕ. ಕೆಲವರು ಅಂಗಡಿಯಲ್ಲೇ ಕೊನೆಯ ಪುಟ ತೆರೆದು ಸುಖಾಂತವೇ ಎಂದು ಖಚಿತ ಮಾಡಿಕೊಂಡ ಮೇಲೆಯೇ ದುಡ್ಡು ಕೊಡುತ್ತಿದ್ದರು. ಆದರೂ ನಾಯಕನೇ ನಾಯಕಿಯ ಮೇಲೆ ಎರಗುವ ಕ್ಯಾಥ್‌ಲೀನ್ ವುಡಿವಿಸ್ ಅವರ ‘ದ ಫ್ಲೇಮ್ ಅಂಡ್ ದ ಫ್ಲವರ್’ ಇದೇ ಹೆಂಗಸರ ಮೆಚ್ಚಿನ ಪುಸ್ತಕಗಳಲ್ಲಿ ಒಂದಾಗಿತ್ತು. ಅವನು ತಿಳಿಯದೆ ಮಾಡಿದ, ಆಮೇಲೆ ಮೆತ್ತಗಾದ ಎಂದು ಕ್ಷಮಿಸುತ್ತಿದ್ದರು. ಆ ವಿರೋಧಾಭಾಸವನ್ನು ರಾಡ್‌ವೇ ಮುಚ್ಚಿಡಲಿಲ್ಲ. ಸ್ವತಃ ಎಲ್ಲರ ಆರೈಕೆ ಮಾಡಿ ದಣಿದ ಹೆಂಗಸು, ತನ್ನನ್ನು ಆರೈಕೆ ಮಾಡುವವನೊಬ್ಬನನ್ನು ಪುಟಗಳಲ್ಲಿ ಹುಡುಕುತ್ತಾಳೆ ಎಂಬುದು ಅವರು ಕಂಡುಕೊಂಡ ಒಳನೋಟ.

ಆ ಹೊತ್ತಿಗೆ ಮಾರುಕಟ್ಟೆಯೂ ಬದಲಾಗತೊಡಗಿತ್ತು. 1980ರಲ್ಲಿ ಸೈಮನ್ ಅಂಡ್ ಶುಸ್ಟರ್ ಸಂಸ್ಥೆ ‘ಸಿಲೂಯೆಟ್’ ಮಾಲೆ ಹೂಡಿ ಹಾರ್ಲೆಕ್ವಿನ್‌ಗೆ ಪೈಪೋಟಿ ಕೊಟ್ಟಿತು. ಡೆಲ್ ಪ್ರಕಾಶನದಲ್ಲಿದ್ದ ಕಪ್ಪು ಜನಾಂಗದ ಸಂಪಾದಕಿ ವಿವಿಯನ್ ಸ್ಟೀಫನ್ಸ್ ಅದೇ ವರ್ಷ ರೊಸಲಿಂಡ್ ವೆಲ್ಸ್ ಬರೆದ ‘ಎಂಟ್ವೈನ್ಡ್ ಡೆಸ್ಟಿನೀಸ್’ ಪ್ರಕಟಿಸಿದರು. ಅದರ ನಾಯಕ, ನಾಯಕಿ ಇಬ್ಬರೂ ಕಪ್ಪು ಜನ. ನಾಯಕಿಯರಿಗೆ ವೃತ್ತಿ ಬಂತು, ವಯಸ್ಸು ಹತ್ತೊಂಬತ್ತರಿಂದ ಮೇಲೇರಿತು. ಲಬಕ್ ನಿಯಮ ಸಡಿಲಾಗಿ ನಾಯಕನ ಮನಸ್ಸಿನೊಳಗೂ ಇಣುಕುವ ಅಧ್ಯಾಯಗಳು ಬಂದವು.

ಕರ್ನಾಟಕದ ಓದುಗರಿಗೆ ಈ ಪುಸ್ತಕಗಳು ದೂರದವಲ್ಲ. ಬೆಂಗಳೂರು, ಮೈಸೂರಿನ ಬಾಡಿಗೆ ಲೈಬ್ರರಿಗಳಲ್ಲಿ, ಫುಟ್‌ಪಾತಿನ ಹಳೆ ಪುಸ್ತಕದ ರಾಶಿಗಳಲ್ಲಿ, ಹಾಸ್ಟೆಲ್ ದಿಂಬಿನಡಿಯಲ್ಲಿ ಅವು ಇದ್ದೇ ಇದ್ದವು. ಜೊತೆಗೆ ಕನ್ನಡಕ್ಕೆ ತನ್ನದೇ ಆದ ಜನಪ್ರಿಯ ಕಾದಂಬರಿಯ ಹೊಳೆ ಇತ್ತು. ಉಷಾ ನವರತ್ನರಾಂ, ಎಚ್. ಜಿ. ರಾಧಾದೇವಿ, ಸಾಯಿಸುತೆ ಅವರ ಹೊಸ ಕಾದಂಬರಿ ಬಂತೆಂದರೆ ಲೈಬ್ರರಿಯಲ್ಲಿ ಹೆಸರು ಬರೆಸಿ ಕಾಯುವವರಿದ್ದರು. ಮಿಲ್ಸ್ ಅಂಡ್ ಬೂನ್ ಭಾರತದಲ್ಲಿ ತನ್ನ ಶಾಖೆ ತೆರೆದದ್ದು 2008ರಲ್ಲಿ, ಈ ಓದುಗರು ಸಿದ್ಧವಾಗಿ ಎಷ್ಟೋ ಕಾಲವಾದ ಮೇಲೆ.

ಅದಕ್ಕೂ ಬಹಳ ಮುಂಚೆ ಮೈಸೂರಿನ ತ್ರಿವೇಣಿ ‘ಬೆಳ್ಳಿಮೋಡ’ ಬರೆದಿದ್ದರು. 1963ರಲ್ಲಿ ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ ಪುಟ್ಟಣ್ಣ ಕಣಗಾಲ್ ಅದನ್ನು ಚಿತ್ರ ಮಾಡಿದರು. ಕಥೆಯಲ್ಲಿ ಪ್ರೇಮಕಾದಂಬರಿಯ ಎಲ್ಲ ಸಾಮಗ್ರಿಯೂ ಇದೆ: ಎಸ್ಟೇಟ್ ಮನೆ, ವಿದೇಶದಲ್ಲಿ ಓದಿ ಬಂದ ವರ, ನಿಶ್ಚಯವಾದ ಮದುವೆ. ಇಂದಿರೆಗೆ ತಮ್ಮ ಹುಟ್ಟಿ ಆಸ್ತಿ ಕೈಬಿಟ್ಟಿತೆಂದು ತಿಳಿದಾಗ ಮೋಹನ ಹಿಂದೆ ಸರಿಯುತ್ತಾನೆ. ಮುಂದೆ ಗಾಯಗೊಂಡು ಮಲಗಿದವನನ್ನು ಅವಳೇ ಉಪಚರಿಸುತ್ತಾಳೆ. ಅವನ ಮನಸ್ಸು ತಿರುಗುತ್ತದೆ, ಮದುವೆಯಾಗೆಂದು ಕೇಳುತ್ತಾನೆ. ನಾಯಕ ಪಶ್ಚಾತ್ತಾಪಪಟ್ಟು ಬೇಡಿಕೊಳ್ಳುವ ಈ ಗಳಿಗೆಗಾಗಿಯೇ ಹಾರ್ಲೆಕ್ವಿನ್ ಓದುಗರು ಇನ್ನೂರು ಪುಟ ಕಾಯುತ್ತಿದ್ದರು, ಇಲ್ಲಿಂದ ಒಂದು ಪುಟಕ್ಕೆ ಕಥೆ ಮದುವೆಯಲ್ಲಿ ಮುಗಿಯುತ್ತಿತ್ತು. ಇಂದಿರೆ ಅವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾಳೆ, ಆಗುವುದಿಲ್ಲ ಎನ್ನುತ್ತಾಳೆ.